ಐದನೇ ಸೆಕ್ಷನ್ ಹೆತ್ತ ಮಾತ್ರೆ

1959ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟರ್ ಎಸ್ಟೆಸ್ ಕೆಫಾವರ್ ತಮ್ಮ ದೇಶದ ಔಷಧ ಕಂಪನಿಗಳನ್ನು ವಿಚಾರಣೆಗೆ ಕರೆದಾಗ ಭಾರತದ ಹೆಸರು ಅವರ ತಲೆಯಲ್ಲಿ ಇದ್ದಿರಲಾರದು. ಅಮೆರಿಕದ ಜನ ಮಾತ್ರೆಗಳಿಗೆ ಯಾಕಿಷ್ಟು ದುಡ್ಡು ತೆರುತ್ತಿದ್ದಾರೆ ಎಂಬುದು ಅವರ ಪ್ರಶ್ನೆಯಾಗಿತ್ತು. ಹೋಲಿಸಿ ನೋಡೋಣವೆಂದು ಅವರ ಉಪಸಮಿತಿ ಬೇರೆ ದೇಶಗಳ ಬೆಲೆಗಳನ್ನೂ ತರಿಸಿತು. ಭಾರತದ ಲೆಕ್ಕ ನೋಡಿ ಸಮಿತಿಯವರೇ ಹುಬ್ಬೇರಿಸುವಂತಾಯಿತು. ಆರಿಯೊಮೈಸಿನ್, ಆಕ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್‌ಗಳಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಬೆಲೆ ಕೊಡುತ್ತಿದ್ದ ದೇಶಗಳ ಸಾಲಿನಲ್ಲಿ ಭಾರತವಿತ್ತು. ಒಟ್ಟಾರೆ ಔಷಧಗಳ ವಿಷಯದಲ್ಲೂ ಅದೇ ಕಥೆ. ತಲಾ ಆದಾಯ ತಳದಲ್ಲಿ, ಔಷಧದ ಬೆಲೆ ತುದಿಯಲ್ಲಿ. ಈ ತಿರುವುಮುರುವನ್ನು ಉಪಸಮಿತಿಯ 1961ರ ವರದಿ ನೇರವಾಗಿ ದಾಖಲಿಸಿತು. ಭಾರತ ಔಷಧ ವಸ್ತುವಿಗೇ ಪೇಟೆಂಟ್ ಕೊಡುವ ದೇಶ ಎಂಬುದನ್ನೂ ಅಲ್ಲೇ ನೆನಪಿಸಿತು.

ಆ ಪೇಟೆಂಟ್ ಕಾನೂನನ್ನು ಭಾರತೀಯರು ಬರೆದಿರಲಿಲ್ಲ. ಅದು ಬ್ರಿಟಿಷರು 1911ರಲ್ಲಿ ಮಾಡಿಟ್ಟದ್ದು. ಸ್ವಾತಂತ್ರ್ಯ ಬಂದರೂ ಕಾನೂನು ಹಾಗೇ ಉಳಿದಿತ್ತು. ಒಂದು ಕಂಪನಿ ಇಲ್ಲಿ ಔಷಧವೊಂದಕ್ಕೆ ಪೇಟೆಂಟ್ ಪಡೆದರೆ 16 ವರ್ಷ ಬೇರೆ ಯಾರೂ ಅದನ್ನು ತಯಾರಿಸುವಂತಿಲ್ಲ. ಆ ಕಂಪನಿ ತಾನೂ ಇಲ್ಲಿ ತಯಾರಿಸಬೇಕೆಂದೇನಿಲ್ಲ. ಹೊರಗಿನಿಂದ ತಂದು, ತನಗೆ ತೋಚಿದ ಬೆಲೆಗೆ ಮಾರಿದರೆ ಸಾಕು.

ಈ ಗಂಟನ್ನು ಬಿಡಿಸುವ ಕೆಲಸ ಬಿದ್ದದ್ದು ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ ಪಾಲಿಗೆ. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಅವರು, ಪೇಟೆಂಟ್ ಕಾನೂನನ್ನು ಪರಿಶೀಲಿಸಿ 1959ರ ಸೆಪ್ಟೆಂಬರ್‌ನಲ್ಲಿ, ಅಂದರೆ ಕೆಫಾವರ್ ವಿಚಾರಣೆಗೆ ಕೂರುವ ಮುನ್ನವೇ, ಸರ್ಕಾರಕ್ಕೆ ವರದಿ ಒಪ್ಪಿಸಿದ್ದರು. ಭಾರತದ ಪೇಟೆಂಟ್‌ಗಳಲ್ಲಿ ಶೇ 80ರಿಂದ 90ರಷ್ಟು ವಿದೇಶಿಯರ ಕೈಯಲ್ಲಿವೆ, ಅವುಗಳಲ್ಲಿ ಶೇ 90ಕ್ಕೂ ಹೆಚ್ಚಿನವನ್ನು ಬಳಸಿ ಈ ನೆಲದಲ್ಲಿ ಏನನ್ನೂ ತಯಾರಿಸಿಲ್ಲ ಎಂದು ಅವರು ಲೆಕ್ಕ ಕೊಟ್ಟರು. ಪೇಟೆಂಟ್ ಎಂದರೆ ಹೊಸದನ್ನು ಕಂಡುಹಿಡಿದವನಿಗೆ ಸಮಾಜ ಕೊಡುವ ಪ್ರತಿಫಲ. ಅದಕ್ಕೆ ಬದಲಾಗಿ ಸಮಾಜಕ್ಕೂ ಏನಾದರೂ ಸಿಗಬೇಕಲ್ಲ? ಭಾರತಕ್ಕೆ ಸಿಕ್ಕಿದ್ದು ಬಿಲ್ಲು ಮಾತ್ರ.

ಅಯ್ಯಂಗಾರ್ ಸೂಚಿಸಿದ ಪರಿಹಾರ ಓದುವುದಕ್ಕೆ ಸಣ್ಣದು: ಆಹಾರ, ಔಷಧ ಮತ್ತು ರಾಸಾಯನಿಕಗಳ ವಿಷಯದಲ್ಲಿ ವಸ್ತುವಿಗೆ ಪೇಟೆಂಟ್ ಬೇಡ, ಅದನ್ನು ಮಾಡುವ ವಿಧಾನಕ್ಕೆ ಕೊಟ್ಟರೆ ಸಾಕು. ವ್ಯತ್ಯಾಸವೇನೆಂದು ತಿಳಿಯಲು ಕಾನೂನು ಪುಸ್ತಕ ಬೇಕಿಲ್ಲ, ಅಡುಗೆಮನೆ ಸಾಕು. ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ ರುಬ್ಬಿ, ಕಣಕದೊಳಗಿಟ್ಟು ತಟ್ಟುವ ಆ ಒಂದು ಕ್ರಮಕ್ಕೆ ಯಾರಿಗೋ ಹಕ್ಕು ಕೊಟ್ಟರೆ, ಪಕ್ಕದ ಮನೆಯವರು ತೊಗರಿಬೇಳೆ ಹಾಕಿಯೋ, ಹೂರಣವನ್ನು ಬೇರೆ ರೀತಿ ಕುದಿಸಿಯೋ ಹೋಳಿಗೆ ಮಾಡಬಹುದು. ಆದರೆ ಹೋಳಿಗೆಗೇ ಹಕ್ಕು ಕೊಟ್ಟುಬಿಟ್ಟರೆ? ಊರಿನಲ್ಲಿ ಯಾರೂ ಯಾವ ರೀತಿಯಲ್ಲೂ ಮಾಡುವಂತಿಲ್ಲ. ರಸಾಯನಶಾಸ್ತ್ರದಲ್ಲೂ ಒಂದೇ ಅಣುವನ್ನು ತಲುಪಲು ಹಲವು ದಾರಿಗಳಿವೆ. ಹೊಸ ದಾರಿ ಹುಡುಕಬಲ್ಲ ಜಾಣರಿಗೆ ಬಾಗಿಲು ತೆರೆದಿಡಿ ಎಂದರು ಅಯ್ಯಂಗಾರ್.

ಇದೇನು ಹಿಂದುಳಿದ ದೇಶದ ಅಡ್ಡದಾರಿಯೇ ಎಂದು ಕೇಳಿದವರಿಗೆ ಯುರೋಪಿನ ಇತಿಹಾಸವೇ ಉತ್ತರ ಕೊಡುತ್ತಿತ್ತು. ಜರ್ಮನಿ ತನ್ನ ರಸಾಯನ ಉದ್ಯಮವನ್ನು ಕಟ್ಟಿ ನಿಲ್ಲಿಸಿದ್ದು ವಿಧಾನಕ್ಕಷ್ಟೇ ಪೇಟೆಂಟ್ ಕೊಡುವ ಕಾನೂನಿನ ನೆರಳಲ್ಲಿ. ಅಲ್ಲಿ ಔಷಧ ವಸ್ತುವಿಗೆ ಪೇಟೆಂಟ್ ಬಂದದ್ದು 1968ರಲ್ಲಿ. ಸ್ವಿಟ್ಜರ್ಲೆಂಡ್ 1977ರವರೆಗೆ ಕಾಯಿತು, ಇಟಲಿ 1978ರವರೆಗೆ. ತಾವು ಬೆಳೆಯುವಾಗ ಬೇಲಿ ಹಾಕದೆ, ಬೆಳೆದ ಮೇಲೆ ಉಳಿದವರ ಮುಂದೆ ಬೇಲಿ ಎಳೆದವರ ಉಪದೇಶವನ್ನು ಭಾರತ ಮುಂದಿನ ದಶಕಗಳಲ್ಲಿ ಬಹಳ ಸಲ ಕೇಳಬೇಕಾಯಿತು.

ಅಯ್ಯಂಗಾರ್ ವರದಿ ಕಾನೂನಾಗಲು 11 ವರ್ಷ ಹಿಡಿಯಿತು. ಮಸೂದೆ ಬಂತು, ಬಿತ್ತು, ಜಂಟಿ ಸಮಿತಿಗೆ ಹೋಯಿತು, ಮತ್ತೆ ಬಂತು. ಕೊನೆಗೆ 1970ರಲ್ಲಿ ಸಂಸತ್ತು ಒಪ್ಪಿತು. 1972ರ ಏಪ್ರಿಲ್ 20ರಂದು ಕಾನೂನು ಜಾರಿಗೆ ಬಂತು. ಅದರ 5ನೇ ಸೆಕ್ಷನ್ ಅಯ್ಯಂಗಾರ್ ಹೇಳಿದ್ದನ್ನೇ ಹೇಳಿತು. ಔಷಧ ವಿಧಾನದ ಪೇಟೆಂಟ್ ಅವಧಿಯನ್ನೂ ಕಾನೂನು ಗಣನೀಯವಾಗಿ ಮೊಟಕುಗೊಳಿಸಿತು: ಅರ್ಜಿ ಕೊಟ್ಟಲ್ಲಿಂದ 7 ವರ್ಷ ಅಥವಾ ಪೇಟೆಂಟ್ ಸಿಕ್ಕಲ್ಲಿಂದ 5 ವರ್ಷ, ಯಾವುದು ಕಡಿಮೆಯೋ ಅದು.

ಕಾನೂನು ಬಾಗಿಲು ತೆರೆದರೂ ಒಳಗೆ ಕಾಲಿಡಲು ಕಸುಬು ಗೊತ್ತಿದ್ದವರು ಬೇಕಿತ್ತು. ಅದಕ್ಕೂ ನೆಲ ಹದವಾಗಿತ್ತು. ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್, ಹೈದರಾಬಾದಿನ ಐಡಿಪಿಎಲ್ ಕಾರ್ಖಾನೆ, ಲಖನೌ, ಪುಣೆ, ಹೈದರಾಬಾದುಗಳ ಸರ್ಕಾರಿ ಪ್ರಯೋಗಾಲಯಗಳು ಒಂದು ತಲೆಮಾರಿನ ರಸಾಯನಶಾಸ್ತ್ರಜ್ಞರನ್ನು ಬೆಳೆಸಿದ್ದವು. ಐಡಿಪಿಎಲ್‌ನಲ್ಲಿ ಕೆಲಸ ಕಲಿತ ಕಲ್ಲಂ ಅಂಜಿ ರೆಡ್ಡಿ 1984ರಲ್ಲಿ ತಮ್ಮದೇ ಕಂಪನಿ ಕಟ್ಟಿದರು. ಬೆಂಗಳೂರಿನಲ್ಲಿ 1981ರಲ್ಲಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಹುಟ್ಟಿತು. ಇಂದು ಊರಿನ ಮೆಡಿಕಲ್ ಶಾಪಿನಲ್ಲಿ ನಾಲ್ಕು ಕಂಪನಿಗಳ ಒಂದೇ ಮಾತ್ರೆ ಸಿಗುತ್ತದೆ, 'ಯಾವ್ದು ಕೊಡ್ಲಿ' ಎಂದು ಅಂಗಡಿಯವ ಕೇಳುತ್ತಾನೆ. ಆ ಪ್ರಶ್ನೆ ಸಾಧ್ಯವಾದದ್ದು ಇಲ್ಲಿಂದ.

ಮುಂಬೈಯ ಸಿಪ್ಲಾ ಇವೆಲ್ಲಕ್ಕಿಂತ ಹಳೆಯದು. ಖ್ವಾಜಾ ಅಬ್ದುಲ್ ಹಮೀದ್ ಅದನ್ನು ಕಟ್ಟಿದ್ದು 1935ರಲ್ಲಿ. 1939ರಲ್ಲಿ ಗಾಂಧೀಜಿ ಆ ಕಾರ್ಖಾನೆಗೆ ಭೇಟಿ ಕೊಟ್ಟಿದ್ದರು. ಹಮೀದರ ಮಗ ಯೂಸುಫ್ ಕೇಂಬ್ರಿಜ್‌ನಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದವರು. ಹೊಸ ಪೇಟೆಂಟ್ ಕಾನೂನಿಗಾಗಿ ಓಡಾಡಿದ ಉದ್ಯಮಿಗಳಲ್ಲಿ ಅವರೂ ಒಬ್ಬರು. 1981ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಮ್ಮೇಳನದಲ್ಲಿ ಇಂದಿರಾ ಗಾಂಧಿ, ವೈದ್ಯಕೀಯ ಆವಿಷ್ಕಾರಗಳು ಪೇಟೆಂಟ್‌ಗಳಿಂದ ಮುಕ್ತವಾಗಿರುವ, ಸಾವು ಬದುಕಿನ ಮೇಲೆ ಯಾರೂ ಲಾಭ ಹೊಡೆಯದ ಜಗತ್ತು ಬೇಕೆಂದರು. ಆ ಮಾತಿಗೆ ಚಪ್ಪಾಳೆ ಬಿದ್ದಿರಬಹುದು. ಅದರ ನಿಜವಾದ ಪರೀಕ್ಷೆಗೆ ಕಾರಣವಾಗಲಿದ್ದ ರೋಗ ಮಾತ್ರ ಆಗಿನ್ನೂ ವೈದ್ಯರ ಕಣ್ಣಿಗೆ ಬೀಳತೊಡಗಿತ್ತಷ್ಟೆ.

ಏಡ್ಸ್‌ಗೆ ಬಂದ ಮೊದಲ ಔಷಧ ಎಝಡ್‌ಟಿ. 1964ರಲ್ಲಿ ಜೆರೋಮ್ ಹಾರ್ವಿಟ್ಜ್ ಎಂಬ ಅಮೆರಿಕನ್ ವಿಜ್ಞಾನಿ, ಸರ್ಕಾರದ ದುಡ್ಡಿನಲ್ಲಿ ನಡೆದ ಕ್ಯಾನ್ಸರ್ ಸಂಶೋಧನೆಯ ವೇಳೆ ಆ ಅಣುವನ್ನು ತಯಾರಿಸಿದ್ದರು. ಕ್ಯಾನ್ಸರ್‌ಗೆ ಅದು ಉಪಯೋಗಕ್ಕೆ ಬರಲಿಲ್ಲ. ಪೇಟೆಂಟ್ ಕೂಡ ಮಾಡಿಸದೆ ಬಿಟ್ಟರು. ಎರಡು ದಶಕಗಳ ಬಳಿಕ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಮತ್ತು ಬರೋಸ್ ವೆಲ್‌ಕಮ್ ಕಂಪನಿ ಅದನ್ನು ಎಚ್‌ಐವಿ ಮೇಲೆ ಪ್ರಯೋಗಿಸಿದವು. 1987ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂದಾಗ ಪೇಟೆಂಟ್ ಕಂಪನಿಯದಾಗಿತ್ತು, ವರ್ಷದ ಖರ್ಚು ಸುಮಾರು 10,000 ಡಾಲರ್ ಆಗಿತ್ತು. ಸಂಶೋಧನೆಗೆ ಸುರಿದ ಹಣ ವಾಪಸ್ ಬರಬೇಡವೇ ಎಂಬ ಕಂಪನಿಗಳ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಔಷಧವೊಂದನ್ನು ಮನುಷ್ಯರ ಮೇಲೆ ಪರೀಕ್ಷಿಸಿ ಸುರಕ್ಷಿತವೆಂದು ತೋರಿಸುವುದು ನಿಜಕ್ಕೂ ದುಬಾರಿ ಕೆಲಸ. ಆದರೆ ಆ ಹಣದಲ್ಲಿ ಜನರ ತೆರಿಗೆಯ ಪಾಲೆಷ್ಟು ಎಂಬ ಪ್ರಶ್ನೆ ಎಝಡ್‌ಟಿಯ ಕಾಲದಿಂದಲೂ ಕಂಪನಿಗಳ ಬೆನ್ನು ಬಿಟ್ಟಿಲ್ಲ.

ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಎ.ವಿ. ರಾಮರಾವ್ ಅದೇ ಅಣುವಿಗೆ ಬೇರೊಂದು ದಾರಿ ಕಂಡುಕೊಂಡರು. ಸಿಪ್ಲಾ ಅದನ್ನು ಪಡೆದು 1993ರಲ್ಲಿ ಝಿಡೋವಿರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೆಲೆ ಹೊರದೇಶಗಳಿಗಿಂತ ಎಷ್ಟೋ ಕಡಿಮೆ. ಆದರೂ ಕೊಳ್ಳುವವರಿಲ್ಲ. ಬಡ ಕುಟುಂಬಕ್ಕೆ ಆ ಕಡಿಮೆ ಬೆಲೆಯೂ ಕೈಗೆಟುಕುತ್ತಿರಲಿಲ್ಲ, ಸರ್ಕಾರ ರೋಗ ತಡೆಯುವ ಪ್ರಚಾರಕ್ಕೆ ದುಡ್ಡಿಟ್ಟಿತ್ತೇ ಹೊರತು ಚಿಕಿತ್ಸೆಗೆ ಇಟ್ಟಿರಲಿಲ್ಲ. ಎರಡು ಲಕ್ಷ ಕ್ಯಾಪ್ಸೂಲ್‌ಗಳನ್ನು ಎಸೆಯಬೇಕಾಯಿತೆಂದು ಯೂಸುಫ್ ಹಮೀದ್ ಮುಂದೆ ಹೇಳಿಕೊಂಡರು. ಕಾನೂನು ಔಷಧವನ್ನು ಅಗ್ಗ ಮಾಡಬಲ್ಲದು, ರೋಗಿಯ ಕೈಗೆ ತಲುಪಿಸಲು ಸರ್ಕಾರವೇ ಮನಸ್ಸು ಮಾಡಬೇಕು. ಆ ದಿನಗಳಲ್ಲಿ ನಮ್ಮ ಸರ್ಕಾರ ಮನಸ್ಸು ಮಾಡಲಿಲ್ಲ.

1996ರಲ್ಲಿ ವ್ಯಾಂಕೂವರ್ ಸಮ್ಮೇಳನದಿಂದ ದೊಡ್ಡ ಸುದ್ದಿ ಬಂತು. ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ವೈರಸ್ ಮಣಿಯುತ್ತದೆ, ಹಾಸಿಗೆ ಹಿಡಿದವರು ಎದ್ದು ನಡೆಯುತ್ತಾರೆ. ಅಮೆರಿಕ, ಯುರೋಪ್‌ಗಳಲ್ಲಿ ಏಡ್ಸ್ ಸಾವು ಧಡಕ್ಕನೆ ಇಳಿಯಿತು. ಆ ಚಿಕಿತ್ಸೆಗೆ ವರ್ಷಕ್ಕೆ 10,000ದಿಂದ 15,000 ಡಾಲರ್ ಬೇಕಿತ್ತು. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದಲ್ಲಿ ಆಗ ಸೋಂಕಿತರ ಸಂಖ್ಯೆ ಎರಡು ಕೋಟಿ ದಾಟುತ್ತಿತ್ತು. ಜಗತ್ತಿನ ಔಷಧ ಮಾರುಕಟ್ಟೆಯಲ್ಲಿ ಇಡೀ ಆಫ್ರಿಕದ ಪಾಲು ಶೇ 1ರ ಆಸುಪಾಸು. ಅಲ್ಲಿ ಬೆಲೆ ಇಳಿಸಿದ್ದರೆ ಕಂಪನಿಗಳ ಆದಾಯಕ್ಕೆ ಆಗುತ್ತಿದ್ದ ನಷ್ಟ ಅಷ್ಟಕ್ಕಷ್ಟೆ. ಇಳಿಸಲಿಲ್ಲ.

ದಕ್ಷಿಣ ಆಫ್ರಿಕ 1997ರಲ್ಲಿ ತನ್ನ ಔಷಧ ಕಾನೂನಿಗೆ ತಿದ್ದುಪಡಿ ತಂದಿತು. ಅಗ್ಗವಾಗಿ ಸಿಗುವ ದೇಶದಿಂದ ಔಷಧ ತರಿಸಲು ಆರೋಗ್ಯ ಸಚಿವರಿಗೆ ಅಧಿಕಾರ ಕೊಟ್ಟ ಈ ತಿದ್ದುಪಡಿಗೆ ನೆಲ್ಸನ್ ಮಂಡೇಲಾ ಸಹಿ ಹಾಕಿದರು. 1998ರ ಫೆಬ್ರುವರಿಯಲ್ಲಿ ಔಷಧ ಕಂಪನಿಗಳು ಒಟ್ಟಾಗಿ ಪ್ರಿಟೋರಿಯ ಹೈಕೋರ್ಟಿಗೆ ಹೋದವು. ಪ್ರತಿವಾದಿಗಳ ಪಟ್ಟಿಯಲ್ಲಿ ಮೊದಲ ಹೆಸರು ದೇಶದ ಅಧ್ಯಕ್ಷರದ್ದೇ. 27 ವರ್ಷ ಸೆರೆಯಲ್ಲಿದ್ದು ಬಂದ ಮಂಡೇಲಾರನ್ನು ಮಾತ್ರೆಗಳ ಸಲುವಾಗಿ ಕೋರ್ಟಿಗೆ ಎಳೆದವು ಎಂಬ ಕೆಟ್ಟ ಹೆಸರು ಆ ಕಂಪನಿಗಳಿಗೆ ಶಾಶ್ವತವಾಗಿ ಅಂಟಿತು.

ಕೋರ್ಟಿನ ಹೊರಗೆ ಇನ್ನೊಂದು ಹೋರಾಟ ಬೆಳೆಯುತ್ತಿತ್ತು. 1998ರ ಡಿಸೆಂಬರ್ 10ರಂದು ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ ಹುಟ್ಟಿತು. ಅದರ ಮುಂದಾಳು ಝಾಕಿ ಅಕ್ಮತ್ ಸ್ವತಃ ಎಚ್‌ಐವಿ ಸೋಂಕಿತರು. ಔಷಧ ಕೊಳ್ಳುವ ಅನುಕೂಲ ಅವರಿಗಿತ್ತು. ಆದರೆ ಸರ್ಕಾರಿ ಆಸ್ಪತ್ರೆಯ ಬಡ ರೋಗಿಗೆ ಸಿಗದ ಹೊರತು ತಾನೂ ನುಂಗುವುದಿಲ್ಲವೆಂದು ಅವರು ಪಟ್ಟು ಹಿಡಿದರು. 2003ರವರೆಗೆ ಆ ಪಟ್ಟು ಸಡಿಲಿಸಲಿಲ್ಲ. ಸಂಘಟನೆಯ ಕಾರ್ಯಕರ್ತ ಕ್ರಿಸ್ಟಫರ್ ಮೊರಾಕ 2000ದಲ್ಲಿ ತೀರಿಕೊಂಡರು. ಬಾಯಿ, ಗಂಟಲಲ್ಲೆಲ್ಲ ಶಿಲೀಂಧ್ರದ ಹುಣ್ಣು. ಅದಕ್ಕೆ ಮದ್ದಿತ್ತು, ಹೆಸರು ಫ್ಲುಕೊನಝೋಲ್. ಅದರ ಬೆಲೆ ಅವರ ಕೈಗೆಟುಕುವಂತಿರಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಅಕ್ಮತ್ ಥಾಯ್ಲೆಂಡಿಗೆ ಹೋಗಿ ಅದೇ ಔಷಧದ ಜೆನೆರಿಕ್ ಕ್ಯಾಪ್ಸೂಲ್‌ಗಳನ್ನು, ಒಂದಲ್ಲ ಎರಡಲ್ಲ 5,000ವನ್ನು, ತುಂಬಿಕೊಂಡು ಊರಿಗೆ ಮರಳಿದರು. ಕಾನೂನು ಮುರಿಯುತ್ತಿದ್ದೇನೆಂದು ಸಾರಿ ಹೇಳಿಯೇ ತಂದರು. ಆ ಹೋರಾಟಕ್ಕೆ ಮೊರಾಕ ಅವರ ಹೆಸರನ್ನೇ ಇಟ್ಟಿದ್ದರು.

ಅದಕ್ಕೆ ಕೆಲವೇ ವಾರ ಮೊದಲು, 2000ದ ಸೆಪ್ಟೆಂಬರ್ 28ರಂದು, ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಕಮಿಷನ್ ಕರೆದ ಸಭೆಯೊಂದರಲ್ಲಿ ಯೂಸುಫ್ ಹಮೀದ್‌ಗೆ ಮಾತಾಡಲು ಕೆಲವೇ ನಿಮಿಷ ಸಿಕ್ಕಿದ್ದವು. ಆಹ್ವಾನದ ಹಿಂದೆ ವಿಲಿಯಂ ಹ್ಯಾಡಡ್, ಜೇಮ್ಸ್ ಲವ್ ಎಂಬ ಇಬ್ಬರು ಅಮೆರಿಕನ್ನರ ಓಡಾಟವಿತ್ತು. ಹಮೀದ್ ಮೂರು ಮಾತು ಕೊಟ್ಟರು. ಮೂರು ಔಷಧಗಳ ಚಿಕಿತ್ಸೆ ವರ್ಷಕ್ಕೆ 800 ಡಾಲರ್. ತಾವೇ ತಯಾರಿಸಿಕೊಳ್ಳಬಯಸುವ ಸರ್ಕಾರಗಳಿಗೆ ತಂತ್ರಜ್ಞಾನ ಉಚಿತ. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ನೆವಿರಾಪಿನ್ ಕೂಡ ಉಚಿತ. ಸಭೆ ಕೇಳಿಸಿಕೊಂಡಿತು. ಆಮೇಲೆ ಯಾವ ಸರ್ಕಾರವೂ ಮುಂದೆ ಬರಲಿಲ್ಲ.

ನಾಲ್ಕು ತಿಂಗಳು ಕಳೆಯಿತು. 2001ರ ಫೆಬ್ರುವರಿಯಲ್ಲಿ ಹಮೀದ್ ಬೆಲೆಯನ್ನು ಇನ್ನೂ ಕೆಳಗಿಳಿಸಿದರು. ಗಡಿಯಿಲ್ಲದ ವೈದ್ಯರ ಸಂಘಟನೆ ಎಂಎಸ್‌ಎಫ್‌ಗೆ ರೋಗಿಯೊಬ್ಬರಿಗೆ ವರ್ಷಕ್ಕೆ 350 ಡಾಲರ್, ಸರ್ಕಾರಗಳಿಗೆ 600 ಡಾಲರ್. 350 ಡಾಲರ್ ಎಂದರೆ ದಿನಕ್ಕೆ ಒಂದು ಡಾಲರಿಗಿಂತಲೂ ಕಡಿಮೆ. ಫೆಬ್ರುವರಿ 7ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದು ಸುದ್ದಿಯಾಯಿತು. 'ದಿನಕ್ಕೊಂದು ಡಾಲರ್' ಎಂಬುದು ಮನಸ್ಸಿಗೆ ಹತ್ತುವ ಮಾತು, ಯಾರ ಬಾಯಲ್ಲಾದರೂ ಉಳಿಯುವ ಮಾತು. ಆ ದಿನದಿಂದ ಹಳೆಯ 10,000 ಡಾಲರ್ ಬೆಲೆಯನ್ನು ಸಮರ್ಥಿಸಿಕೊಳ್ಳುವ ಹೊರೆ ಮಾರುವವರ ಮೇಲೆ ಬಿತ್ತು.

ಆ ವರ್ಷ ಸಿಪ್ಲಾ ಹೊರತಂದ ಮಾತ್ರೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೆಸರು ಟ್ರಯೋಮ್ಯೂನ್. 150 ಮಿಲಿಗ್ರಾಂ ಲ್ಯಾಮಿವುಡಿನ್, 200 ಮಿಲಿಗ್ರಾಂ ನೆವಿರಾಪಿನ್, ಜೊತೆಗೆ ಸ್ಟಾವುಡಿನ್. ಸ್ಟಾವುಡಿನ್ ಮಾತ್ರ ಎರಡು ಅಳತೆಯಲ್ಲಿ: ತೂಕ 60 ಕಿಲೋಗಿಂತ ಕಡಿಮೆ ಇದ್ದವರಿಗೆ 30 ಮಿಲಿಗ್ರಾಂ, ಹೆಚ್ಚಿದ್ದವರಿಗೆ 40. ಬೆಳಿಗ್ಗೆ ಒಂದು, ರಾತ್ರಿ ಒಂದು, ಮುಗಿಯಿತು. ಅದಕ್ಕೂ ಮೊದಲು ಶ್ರೀಮಂತ ದೇಶಗಳ ರೋಗಿಗಳು ದಿನವಿಡೀ ಗಡಿಯಾರ ನೋಡುತ್ತ ಮಾತ್ರೆ ಎಣಿಸುತ್ತಿದ್ದರು. ಇಂಡಿನಾವಿರ್‌ನಂಥದ್ದನ್ನು ಎಂಟು ಗಂಟೆಗೊಮ್ಮೆ ಬರಿಹೊಟ್ಟೆಯಲ್ಲಿ, ಲೋಟಗಟ್ಟಲೆ ನೀರಿನ ಜೊತೆ ನುಂಗಬೇಕಿತ್ತು. ಅನಕ್ಷರಸ್ಥ ತಾಯಿಗೂ ಅರ್ಥವಾಗುವ, ಜೇಬಿನಲ್ಲಿಟ್ಟುಕೊಂಡು ಗದ್ದೆಗೆ ಹೋಗಬಹುದಾದ ಮಾತ್ರೆ ಮಲಾವಿಯ ಹಳ್ಳಿಗೆ ಮುಂಬೈಯಿಂದ ಬರಲಿತ್ತು.

ಆ ಮೂರನ್ನೂ ಒಂದೇ ಮಾತ್ರೆಯಲ್ಲಿ ಬೆಸೆಯುವುದು ಬೇರೆ ಕಂಪನಿಗಳಿಗೆ ಹೊಳೆದಿರಲಿಲ್ಲವೇ? ಹೊಳೆದರೂ ಮಾಡುವುದು ಸುಲಭವಿರಲಿಲ್ಲ. ಸ್ಟಾವುಡಿನ್ ಮೇಲೆ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಹಿಡಿತ, ಲ್ಯಾಮಿವುಡಿನ್ ಮೇಲೆ ಗ್ಲಾಕ್ಸೋ, ನೆವಿರಾಪಿನ್ ಮೇಲೆ ಬೋರಿಂಗರ್. ಮೂವರೂ ಒಬ್ಬರಿಗೊಬ್ಬರು ಪೈಪೋಟಿಯವರು. ಮೂರು ಅಣುಗಳಿಗೂ ವಸ್ತು ಪೇಟೆಂಟ್ ಇಲ್ಲದ, ಅದೇ ಹೊತ್ತಿಗೆ ತಯಾರಿಸುವ ಕಸುಬೂ ಇದ್ದ ನೆಲದಲ್ಲಿ ಮಾತ್ರ ಅವು ಒಂದೇ ಅಚ್ಚಿನಲ್ಲಿ ಕೂಡಬಹುದಿತ್ತು. ಅಯ್ಯಂಗಾರ್ ಅವರ 5ನೇ ಸೆಕ್ಷನ್ ಹೆತ್ತ ಮಾತ್ರೆ ಇದು. 1959ರಲ್ಲಿ ವರದಿ ಬರೆಯುವಾಗ ಅವರಿಗೆ ಈ ರೋಗದ ಹೆಸರೇ ಗೊತ್ತಿರಲು ಸಾಧ್ಯವಿರಲಿಲ್ಲ.

ಸ್ಟಾವುಡಿನ್‌ಗೆ ಇನ್ನೊಂದು ಕಥೆಯಿದೆ. ಅದು ಎಚ್‌ಐವಿಗೆ ಆಗುತ್ತದೆಂದು ಕಂಡುಕೊಂಡವರು ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಪ್ರೂಸಾಫ್ ಮತ್ತು ತೈ ಶುನ್ ಲಿನ್. ಪೇಟೆಂಟ್ ವಿಶ್ವವಿದ್ಯಾಲಯದ್ದು, ಮಾರುವ ಹಕ್ಕು ಕಂಪನಿಯದು. 2001ರ ವಸಂತದಲ್ಲಿ ಯೇಲ್‌ನ ಕಾನೂನು ವಿದ್ಯಾರ್ಥಿಗಳು ಎಂಎಸ್‌ಎಫ್ ಜೊತೆ ಸೇರಿ, ದಕ್ಷಿಣ ಆಫ್ರಿಕದಲ್ಲಿ ಆ ಹಕ್ಕನ್ನು ಬಿಟ್ಟುಕೊಡಿ ಎಂದು ತಮ್ಮದೇ ವಿಶ್ವವಿದ್ಯಾಲಯವನ್ನು ಹಿಡಿದುಕೊಂಡರು. ವಯಸ್ಸಾದ ಪ್ರೂಸಾಫ್ ಬಹಿರಂಗವಾಗಿ ವಿದ್ಯಾರ್ಥಿಗಳ ಪರ ನಿಂತರು. ಮಾರ್ಚ್ ಮಧ್ಯದಲ್ಲಿ ಕಂಪನಿ ಮಣಿಯಿತು.

ಪ್ರಿಟೋರಿಯದಲ್ಲಿ ವಿಚಾರಣೆ ಶುರುವಾದದ್ದು ಮಾರ್ಚ್ 5ರಂದು. ಆ ಹೊತ್ತಿಗೆ ದಾವೆಯಲ್ಲಿ 39 ಕಂಪನಿಗಳಿದ್ದವು. ಅಕ್ಮತ್ ಅವರ ಸಂಘಟನೆಯ ವಾದವನ್ನೂ ಕೇಳುತ್ತೇನೆಂದು ನ್ಯಾಯಾಧೀಶ ಬರ್ನಾರ್ಡ್ ಎನ್‌ಗೋಪೆ ಹೇಳಿದರು. ಕಂಪನಿಗಳು ಕಾಲಾವಕಾಶ ಕೇಳಿದವು. ಸಂಶೋಧನೆಯ ಖರ್ಚು, ಬೆಲೆಯ ಲೆಕ್ಕ ಎಲ್ಲವೂ ತೆರೆದ ನ್ಯಾಯಾಲಯದಲ್ಲಿ ಹರವಬೇಕಾದ ಪರಿಸ್ಥಿತಿ ಬಂದಿತ್ತು. ಏಪ್ರಿಲ್ 19ರಂದು ಅವು ದಾವೆಯನ್ನೇ ಹಿಂತೆಗೆದುಕೊಂಡವು. ನ್ಯಾಯಾಲಯದ ಆವರಣದಲ್ಲಿ ಜನ ಕುಣಿದರು, ಹಾಡಿದರು.

ಆದರೆ ಅಲ್ಲಿಗೆ ಔಷಧ ಬರಲಿಲ್ಲ. ಎಚ್‌ಐವಿಯಿಂದಲೇ ಏಡ್ಸ್ ಬರುತ್ತದೆಂಬುದನ್ನು ಅನುಮಾನಿಸುತ್ತಿದ್ದ ಅಧ್ಯಕ್ಷ ಥಾಬೊ ಎಂಬೆಕಿ ಮತ್ತು ಅವರ ಆರೋಗ್ಯ ಸಚಿವೆ ವರ್ಷಗಟ್ಟಲೆ ಕಾಲ ತಳ್ಳಿದರು. ಗರ್ಭಿಣಿಯರಿಗೆ ನೆವಿರಾಪಿನ್ ಕೊಡಿಸಲು ಅದೇ ಸಂಘಟನೆ ತನ್ನದೇ ಸರ್ಕಾರದ ಮೇಲೆ ಸಂವಿಧಾನ ನ್ಯಾಯಾಲಯದವರೆಗೂ ಹೋಗಿ 2002ರ ಜುಲೈಯಲ್ಲಿ ಗೆಲ್ಲಬೇಕಾಯಿತು. ಆ ವಿಳಂಬದಿಂದ 3,30,000ಕ್ಕೂ ಹೆಚ್ಚು ಜನ ಸತ್ತರೆಂದು ಹಾರ್ವರ್ಡ್ ಸಂಶೋಧಕರು ಮುಂದೆ ಅಂದಾಜಿಸಿದರು. ಔಷಧ ಕಂಪನಿಗಳನ್ನು ಬೈಯುವಾಗ ಈ ಲೆಕ್ಕವನ್ನು ಮರೆಯುವುದು ನ್ಯಾಯವಲ್ಲ.

2001ರ ನವೆಂಬರ್ 14ರಂದು ದೋಹಾದಲ್ಲಿ ವಿಶ್ವ ವಾಣಿಜ್ಯ ಸಂಘಟನೆಯ ಸದಸ್ಯ ದೇಶಗಳು, ಪೇಟೆಂಟ್ ಒಪ್ಪಂದವನ್ನು ಜನರ ಆರೋಗ್ಯ ಕಾಪಾಡುವ ರೀತಿಯಲ್ಲೇ ಓದಿಕೊಳ್ಳಬೇಕೆಂದು ಘೋಷಿಸಿದವು. ಅದಕ್ಕೆ ಕೆಲವೇ ವಾರ ಮೊದಲು ಅಮೆರಿಕದಲ್ಲಿ ಅಂಚೆಯಲ್ಲಿ ಆಂಥ್ರಾಕ್ಸ್ ಪುಡಿ ಬಂದು ನಾಲ್ವರು ಸತ್ತಿದ್ದರು. ಆಗ ಅಮೆರಿಕವೇ ಸಿಪ್ರೊ ಮಾತ್ರೆಯ ಪೇಟೆಂಟ್ ಬದಿಗಿಡುವ ಬೆದರಿಕೆ ಹಾಕಿ ಬೇಯರ್ ಕಂಪನಿಯಿಂದ ಬೆಲೆ ಇಳಿಸಿಕೊಂಡಿತ್ತು. 2003ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಆಫ್ರಿಕದ ಏಡ್ಸ್ ಯೋಜನೆ ಪ್ರಕಟಿಸುತ್ತ, ಚಿಕಿತ್ಸೆಯ ಬೆಲೆ 12,000 ಡಾಲರ್‌ನಿಂದ 300ಕ್ಕೂ ಕೆಳಗೆ ಬಂದಿದೆ ಎಂದರು. ಇಳಿಸಿದ್ದು ಯಾರೆಂದು ಅವರು ಹೇಳಲಿಲ್ಲ. ಅದೇ ವರ್ಷ ಕ್ಲಿಂಟನ್ ಪ್ರತಿಷ್ಠಾನ ಭಾರತದ ಮತ್ತು ದಕ್ಷಿಣ ಆಫ್ರಿಕದ ಕಂಪನಿಗಳ ಜೊತೆ ಕೂತು ಬೆಲೆಯನ್ನು 140 ಡಾಲರ್‌ಗೆ ತಂದಿತು. 2003ರಿಂದ 2008ರವರೆಗೆ ಬಡ ದೇಶಗಳಿಗಾಗಿ ದಾನಿಗಳ ಹಣದಲ್ಲಿ ಕೊಂಡ ಎಚ್‌ಐವಿ ಔಷಧಗಳಲ್ಲಿ ಶೇ 80ಕ್ಕಿಂತ ಹೆಚ್ಚು ಭಾರತದ ಜೆನೆರಿಕ್‌ಗಳು. ಟ್ರಯೋಮ್ಯೂನ್‌ಗೂ ದೋಷವಿತ್ತು. ಸ್ಟಾವುಡಿನ್‌ನಿಂದ ಕೈಕಾಲು ಜೋಮು ಹಿಡಿಯುತ್ತಿತ್ತು, ಮುಖದ ಕೊಬ್ಬು ಕರಗಿ ಕೆನ್ನೆ ಒಳಸರಿಯುತ್ತಿತ್ತು. ಕೆಲವು ವರ್ಷಗಳಲ್ಲಿ ಅದರ ಜಾಗಕ್ಕೆ ಇನ್ನೂ ಒಳ್ಳೆಯ ಔಷಧಗಳು ಬಂದವು. ಅಷ್ಟರೊಳಗೆ ಅದು ಲಕ್ಷಾಂತರ ಜನರನ್ನು ಉಳಿಸಿತ್ತು.

ತಯಾರಿಸಿದ ದೇಶದ ರೋಗಿಗಳು ಮಾತ್ರ ಕಾಯುತ್ತಲೇ ಇದ್ದರು. ಭಾರತ ಸರ್ಕಾರ ಉಚಿತ ಚಿಕಿತ್ಸೆ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು, ದೇಶದ ಎಂಟು ಆಸ್ಪತ್ರೆಗಳಲ್ಲಿ. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೆಂಗಳೂರಿನಲ್ಲಿ ಬೌರಿಂಗ್ ಆಸ್ಪತ್ರೆಗೆ ಆ ಕೇಂದ್ರ ಬಂತು. ಝಿಡೋವಿರ್ ಅಂಗಡಿಗೆ ಬಂದು ಆಗಲೇ 11 ವರ್ಷ. ಈ 11 ವರ್ಷಗಳಲ್ಲಿ ಎಷ್ಟು ಮನೆಗಳು ಒಡವೆ ಮಾರಿ, ಹೊಲ ಅಡವಿಟ್ಟು ಮಾತ್ರೆ ಕೊಂಡವು, ಎಷ್ಟು ಮನೆಗಳು ಕೊಳ್ಳಲಾರದೆ ಕೈಚೆಲ್ಲಿದವು ಎಂಬುದು ಯಾವ ವರದಿಯಲ್ಲೂ ಪೂರ್ತಿ ಸಿಗುವ ವಿಷಯವಲ್ಲ.

ಇತ್ತ 5ನೇ ಸೆಕ್ಷನ್ನಿನ ಆಯುಸ್ಸು ಮುಗಿಯುತ್ತ ಬಂದಿತ್ತು. 1995ರಲ್ಲಿ ವಿಶ್ವ ವಾಣಿಜ್ಯ ಸಂಘಟನೆ ಸೇರಿದಾಗ ಅದರ ಪೇಟೆಂಟ್ ಒಪ್ಪಂದವನ್ನು ಔಷಧಗಳಿಗೆ ಜಾರಿ ಮಾಡಲು ಭಾರತ ಹತ್ತು ವರ್ಷದ ಗಡುವು ಪಡೆದಿತ್ತು. 2005ರ ಜನವರಿ 1ರಿಂದ ಔಷಧ ವಸ್ತುವಿಗೆ ಮತ್ತೆ ಪೇಟೆಂಟ್. ಆದರೆ ಮಾರ್ಚ್‌ನಲ್ಲಿ ಸಂಸತ್ತು ತಿದ್ದುಪಡಿ ಒಪ್ಪುವಾಗ, ಎಡಪಕ್ಷಗಳ ಒತ್ತಾಯ ಮತ್ತು ರೋಗಿಗಳ ಸಂಘಟನೆಗಳ ಹೋರಾಟದಿಂದ ಕೆಲವು ರಕ್ಷಣೆಗಳು ಉಳಿದುಕೊಂಡವು. ಅವುಗಳಲ್ಲಿ ಮುಖ್ಯವಾದದ್ದು 3(ಡಿ) ಸೆಕ್ಷನ್. ಗೊತ್ತಿರುವ ಅಣುವಿಗೇ ಹೊಸ ರೂಪ ಕೊಟ್ಟು ಬಂದರೆ, ಅದರ ಪರಿಣಾಮ ಹೆಚ್ಚಿದೆಯೆಂದು ತೋರಿಸದ ಹೊರತು ಪೇಟೆಂಟ್ ಇಲ್ಲ. ಪೇಟೆಂಟಿನ 20 ವರ್ಷ ಮುಗಿಯುತ್ತಿದ್ದಂತೆ ಲವಣ ಬದಲಿಸಿ, ಹರಳು ಬದಲಿಸಿ ಇನ್ನೊಂದು 20 ವರ್ಷ ಕೇಳುವ ಚಾಳಿಗೆ ಹಾಕಿದ ಅಡ್ಡಗಟ್ಟೆ ಅದು.

ಮೊದಲ ದೊಡ್ಡ ಪರೀಕ್ಷೆ ಗ್ಲೀವೆಕ್. ಒಂದು ಬಗೆಯ ರಕ್ತದ ಕ್ಯಾನ್ಸರನ್ನು ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿಡುವ, ನಿಜಕ್ಕೂ ಯುಗ ಬದಲಿಸಿದ ಔಷಧ. ಅದನ್ನು ತಯಾರಿಸುವ ನೊವಾರ್ಟಿಸ್ ಕಂಪನಿಯ ಆಗಿನ ಬೆಲೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ಭಾರತದ ಜೆನೆರಿಕ್ 8,000ದಿಂದ 10,000. ಸಾವಿರಾರು ರೋಗಿಗಳಿಗೆ ಕಂಪನಿ ಉಚಿತವಾಗಿ ಕೊಡುತ್ತಿದ್ದದ್ದೂ ನಿಜ. ಆದರೆ ದಾನ ಕೊಡುವವರ ಕೈಯಲ್ಲಿ ನಿಲ್ಲಿಸುವ ಅಧಿಕಾರವೂ ಇರುತ್ತದೆ. ಪೇಟೆಂಟ್ ಕೇಳಿದ್ದು ಆ ಅಣುವಿನ ಬೀಟಾ ಹರಳಿನ ರೂಪಕ್ಕೆ. ಕ್ಯಾನ್ಸರ್ ರೋಗಿಗಳ ಸಂಘಟನೆಯೊಂದು ತಕರಾರು ಹೂಡಿತು. 2006ರ ಜನವರಿಯಲ್ಲಿ ಚೆನ್ನೈ ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿತು. ಅಲ್ಲಿಂದ ಶುರುವಾದ ದಾವೆ ಏಳು ವರ್ಷ ನಡೆಯಿತು. 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ಸುಪ್ರೀಂ ಕೋರ್ಟ್ ಪೀಠ ಕೊನೆಯ ಮಾತು ಹೇಳಿತು. ಹರಳು ಚೆನ್ನಾಗಿ ಜಾರುತ್ತದೆ, ತೇವ ಕಡಿಮೆ ಹೀರುತ್ತದೆ ಎಂಬುದೆಲ್ಲ ಕಾರ್ಖಾನೆಗೆ ಅನುಕೂಲ. ಔಷಧದ ಮಟ್ಟಿಗೆ ಪರಿಣಾಮವೆಂದರೆ ರೋಗ ಗುಣಪಡಿಸುವ ಶಕ್ತಿ, ಅದು ಹೆಚ್ಚಿದ್ದಕ್ಕೆ ಸಾಕ್ಷಿಯಿಲ್ಲ.

ಇದರ ನಡುವೆ, 2012ರ ಮಾರ್ಚ್ 9ರಂದು, ಪೇಟೆಂಟ್ ನಿಯಂತ್ರಕ ಪಿ.ಎಚ್. ಕುರಿಯನ್ ಇನ್ನೊಂದು ದಿಟ್ಟ ಆದೇಶ ಬರೆದಿದ್ದರು. ಬೇಯರ್ ಕಂಪನಿಯ ನೆಕ್ಸಾವರ್ ಎಂಬ ಕ್ಯಾನ್ಸರ್ ಮಾತ್ರೆಗೆ ತಿಂಗಳಿಗೆ 2,80,428 ರೂಪಾಯಿ. ಹೈದರಾಬಾದಿನ ನ್ಯಾಟ್ಕೋ 8,880ಕ್ಕೆ ಕೊಡುತ್ತೇನೆಂದಿತು. ಬೇಯರ್‌ಗೆ ರಾಯಧನ ಕೊಡಿಸಿ ನ್ಯಾಟ್ಕೋಗೆ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಇರುವವರ ಒಪ್ಪಿಗೆಯಿಲ್ಲದೆಯೇ ತಯಾರಿಸುವ ಅನುಮತಿ, ಕೊಟ್ಟರು ಕುರಿಯನ್. ಅಂಥದ್ದು ಭಾರತದಲ್ಲಿ ಅದೇ ಮೊದಲು. ಎರಡನೆಯದು ಇನ್ನೂ ಬಂದಿಲ್ಲ.

2019ರಲ್ಲಿ 3(ಡಿ) ಮತ್ತೆ ಕೆಲಸಕ್ಕೆ ಬಂತು. ಈ ಸಲ ತಕರಾರು ಹೂಡಿದವರು ಇಬ್ಬರು ಯುವತಿಯರು. ನಂದಿತಾ ವೆಂಕಟೇಶನ್ ಮುಂಬೈ ಕಡೆಯವರು, ಫುಮೇಝಾ ತಿಸಿಲೆ ಕೇಪ್‌ಟೌನಿನ ಖಾಯೆಲಿತ್ಶಾದವರು. ಇಬ್ಬರೂ ಕ್ಷಯದಿಂದ ಬದುಕುಳಿದವರು, ಇಬ್ಬರೂ ಆ ಕ್ಷಯಕ್ಕೆ ಕೊಟ್ಟ ಹಳೆಯ ಇಂಜೆಕ್ಷನ್‌ನಿಂದಲೇ ಕಿವಿ ಕಳೆದುಕೊಂಡವರು. ಆ ಇಂಜೆಕ್ಷನ್ ಬದಲಿಗೆ ಬಂದ ಮಾತ್ರೆ ಬೆಡಾಕ್ವಿಲಿನ್. ಅದರ ಮೂಲ ಪೇಟೆಂಟ್ 2023ರ ಜುಲೈಗೆ ಮುಗಿಯಬೇಕಿತ್ತು. ಲವಣ ರೂಪದ ಹೆಸರಿನಲ್ಲಿ ಅದನ್ನು 2027ರವರೆಗೆ ಎಳೆಯಲು ಜಾನ್ಸನ್ ಆ್ಯಂಡ್ ಜಾನ್ಸನ್ ಅರ್ಜಿ ಹಾಕಿತ್ತು. 2023ರ ಮಾರ್ಚ್ 23ರಂದು, ವಿಶ್ವ ಕ್ಷಯ ದಿನದ ಹಿಂದಿನ ದಿನ, ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಆಗಸ್ಟ್ ಕೊನೆಗೆ ಬಡ ದೇಶಗಳಿಗೆ ಔಷಧ ಕೊಳ್ಳುವ ಜಾಗತಿಕ ವ್ಯವಸ್ಥೆಯ ಟೆಂಡರಿನಲ್ಲಿ ಭಾರತದ ಜೆನೆರಿಕ್ ಕೂಡ ನಿಂತಿತ್ತು, ಪೈಪೋಟಿಗೆ ಜಾನ್ಸನ್ ತಾನೇ ಬೆಲೆ ಇಳಿಸಿತ್ತು: ಆರು ತಿಂಗಳ ಚಿಕಿತ್ಸೆಗೆ 130 ಡಾಲರ್.